ನಿಂತ ರೆಕ್ಕೆ, ಹಾರುವ ಹಕ್ಕಿ

ಹಾರುವ ಹಕ್ಕಿಯ ಛಾಯಾಚಿತ್ರವನ್ನು ಕಾವ್ಯಮೀಮಾಂಸೆಯ ತಕ್ಕಡಿಯಲ್ಲಿ ತೂಗಬಹುದೇ ಎಂದು ಯಾರಾದರೂ ಕೇಳಬಹುದು. ತೂಗಬಹುದು, ಈಗ ತೂಗಲೇಬೇಕಾಗಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯಲ್ಲಿಯೂ ಕ್ಯಾಮೆರಾ ಹಿಡಿದು, ದಾಳಿಂಬೆಯ ತೋಟದಲ್ಲಿ, ನುಗ್ಗೆಯ ಗಿಡದ ಬಳಿ ಸೂರಕ್ಕಿಗಾಗಿ ಕಾಯುವ ತರುಣರು ಇಂದು ಇದ್ದಾರೆ. ಸಂತೋಷದ ಸಂಗತಿ. ಆದರೆ ಅವರ ಮನಸ್ಸಿನಲ್ಲಿ ಆದರ್ಶವಾಗಿ ಕುಳಿತಿರುವುದು ಸೂರಕ್ಕಿಯ ಚಿತ್ರವಲ್ಲ, ಅಮೆರಿಕ ಖಂಡಗಳ ಹಮ್ಮಿಂಗ್ ಹಕ್ಕಿಯ ಚಿತ್ರ. ಹೂವಿನ ಮುಂದೆ ಗಾಳಿಯಲ್ಲಿ ನಿಂತು, ಒಂದೊಂದು ಗರಿಯೂ ಎಣಿಕೆಗೆ ಸಿಗುವಂತೆ ರೆಕ್ಕೆ ಬಿಚ್ಚಿದ ಆ ಚಿತ್ರ ನಮಗೆ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದನ್ನು ವಿಚಾರಿಸದೆ ಅನುಕರಿಸಹೊರಟರೆ ಕಲೆಗೂ ಹಾನಿ, ಹಕ್ಕಿಗೂ ಹಾನಿ.

ಆ ಚಿತ್ರ ಹುಟ್ಟುವ ಬಗೆಯನ್ನು ಮೊದಲು ತಿಳಿಯಬೇಕು. ಹಮ್ಮಿಂಗ್ ಹಕ್ಕಿಗಳ ಅನೇಕ ಜಾತಿಗಳು ಸೆಕೆಂಡಿಗೆ 50 ಸಲದಷ್ಟು ರೆಕ್ಕೆ ಬಡಿಯುತ್ತವೆ. ಅಂಥ ರೆಕ್ಕೆಯನ್ನು ನಿಲ್ಲಿಸುವುದು ಕ್ಯಾಮೆರಾದ ಪರದೆಯಲ್ಲ, ಬೆಳಕು. ಫ್ಲಾಶ್ ದೀಪದ ಶಕ್ತಿಯನ್ನು ಹದಿನಾರನೆಯ ಒಂದು ಪಾಲಿಗೋ ಮೂವತ್ತೆರಡನೆಯ ಒಂದು ಪಾಲಿಗೋ ಇಳಿಸಿದರೆ ಅದು ಬೆಳಗುವ ಅವಧಿ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗಕ್ಕೆ, ಇನ್ನೂ ಕೆಳಕ್ಕೆ ಇಳಿಯುತ್ತದೆ. ಅಷ್ಟು ಕ್ಷೀಣವಾದ ಬೆಳಕು ಒಂದೇ ದೀಪದಿಂದ ಸಾಲದು. ಆದ್ದರಿಂದ ನಾಲ್ಕೈದು ದೀಪಗಳನ್ನು ಹೂವಿನ ಸುತ್ತ ಹತ್ತಿರದಲ್ಲಿಟ್ಟು ಎಲ್ಲವೂ ಒಂದೇ ಕ್ಷಣಕ್ಕೆ ಮಿಂಚುವಂತೆ ಮಾಡುತ್ತಾರೆ. ಹಗಲಿನ ಬೆಳಕು ನುಸುಳಿದರೆ ರೆಕ್ಕೆಯ ಸುತ್ತ ಮಸುಕು ನೆರಳು ಕಾಣುವುದರಿಂದ ಅದನ್ನು ಅಡಗಿಸುತ್ತಾರೆ. ಆಗ ಹಿನ್ನೆಲೆ ಕಪ್ಪಾಗುತ್ತದೆ. ಅದಕ್ಕಾಗಿ ಹಿಂದೆ ಬಣ್ಣದ ಹಲಗೆಯೊಂದನ್ನು ನಿಲ್ಲಿಸಿ ಅದಕ್ಕೂ ಒಂದು ದೀಪ. ಹೂವಿನೊಳಗೆ ಸಕ್ಕರೆ ನೀರು. ನಾವು ಕಾಡೆಂದು ತಿಳಿದದ್ದು ರಂಗಸಜ್ಜಿಕೆ.

ಇದನ್ನು ಮೋಸವೆಂದು ಹಳಿಯುವುದು ಸುಲಭ, ನಾನು ಹಳಿಯುವುದಿಲ್ಲ. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಹೆರಾಲ್ಡ್ ಎಡ್ಗರ್ಟನ್ 1930ರ ದಶಕದಲ್ಲಿ ಕ್ಷಣಿಕ ಮಿಂಚಿನ ದೀಪವನ್ನು ಛಾಯಾಗ್ರಹಣಕ್ಕೆ ಪಳಗಿಸಿದುದು ಕಣ್ಣಿಗೆ ಕಾಣದುದನ್ನು ಕಾಣಿಸಲೆಂದು. ಡುಪಾಂಟ್ ಕಂಪನಿಯ ಅಧ್ಯಕ್ಷರಾಗಿದ್ದ ಕ್ರಾಫರ್ಡ್ ಗ್ರೀನ್‌ವಾಲ್ಟ್ ಅದೇ ದಾರಿಯಲ್ಲಿ ನಡೆದು 1960ರಲ್ಲಿ ಹಮ್ಮಿಂಗ್ ಹಕ್ಕಿಗಳ ಮಹಾಗ್ರಂಥವನ್ನು ಪ್ರಕಟಿಸಿದರು. ಅವರು ಚಿತ್ರ ತೆಗೆದು ಸುಮ್ಮನಾಗಲಿಲ್ಲ. ರೆಕ್ಕೆಯ ಚಲನೆಯನ್ನೂ ಗರಿಯ ಹೊಳಪಿನ ಕಾರಣವನ್ನೂ ಹುಡುಕಿದರು. ಆ ಹೊಳಪು ಕೇವಲ ಬಣ್ಣದ ಪುಡಿಯಿಂದ ಬಂದುದಲ್ಲ, ಗರಿಯ ಸೂಕ್ಷ್ಮರಚನೆಯ ಮೇಲೆ ಬೆಳಕು ಬೀಳುವ ಕೋನದಿಂದ ಬಂದುದು. ಅಂದಮೇಲೆ ದೀಪವನ್ನು ಎಲ್ಲಿ ಇಟ್ಟೆವೆಂಬುದರ ಮೇಲೆ ಹಕ್ಕಿಯ ಕೊರಳ ಕಾಂತಿಯೂ ನಿಂತಿದೆ. ಸಜ್ಜಿಕೆ ಇಲ್ಲಿ ಜ್ಞಾನದ ಸಾಧನ.

ಆದರೆ ಜ್ಞಾನ ಬೇರೆ, ರಸ ಬೇರೆ. ನಮ್ಮ ಕವಿರಾಜಮಾರ್ಗಕ್ಕೆ ಆಕರವಾದ ಕಾವ್ಯಾದರ್ಶದಲ್ಲಿ ದಂಡಿಯು ಅಲಂಕಾರಗಳ ಮೊದಲಿಗೇ ಸ್ವಭಾವೋಕ್ತಿಯನ್ನು ಇಟ್ಟಿದ್ದಾನೆ. ವಸ್ತುವನ್ನು ಇದ್ದಂತೆ ಕಣ್ಣಿಗೆ ಕಟ್ಟಿಸುವುದೇ ಒಂದು ಅಲಂಕಾರ. ಅದರಲ್ಲಿ ಅವನು ಜಾತಿ, ಕ್ರಿಯೆ, ಗುಣ, ದ್ರವ್ಯ ಎಂದು ಭೇದ ಮಾಡುತ್ತಾನೆ. ಸ್ವಾರಸ್ಯವೆಂದರೆ ಮೊದಲೆರಡಕ್ಕೂ ಅವನ ಉದಾಹರಣೆ ಹಕ್ಕಿಗಳೇ. ಜಾತಿಗೆ ಗಿಳಿಗಳು: ಕೊಕ್ಕಿನ ಕೆಂಪು, ರೆಕ್ಕೆಯ ಹಸುರು, ಕೊರಳಿನ ರೇಖೆ. ಕ್ರಿಯೆಗೆ ಪಾರಿವಾಳ: ಕೊರಳಲ್ಲಿ ದನಿ ತುಂಬಿ ಸುತ್ತಿ ಬಂದು ಪ್ರಿಯೆಯನ್ನು ಸೇರುವ ಚಲನೆ.

ಈ ಭೇದವನ್ನು ಹಿಡಿದು ನೋಡಿದರೆ ನಮ್ಮ ತೊಡಕು ಬಿಡಿಸಿಕೊಳ್ಳುತ್ತದೆ. ಅನೇಕ ದೀಪಗಳ ಚಿತ್ರವು ಕ್ರಿಯೆಯ ಕ್ಷಣದಲ್ಲಿ ಹಕ್ಕಿಯನ್ನು ಹಿಡಿಯುತ್ತದೆ. ಆದರೆ ನಮಗೆ ಕೊಡುವುದು ಜಾತಿಯನ್ನು. ಗರಿ ಎಷ್ಟು, ಬಣ್ಣ ಯಾವುದು, ರೆಕ್ಕೆ ಎಷ್ಟು ತಿರುಚಿದೆ ಎಂಬುದು ತಿಳಿಯುತ್ತದೆ, ಹಾರಾಟ ತಿಳಿಯುವುದಿಲ್ಲ. ಝೇಂಕರಿಸುವ ರೆಕ್ಕೆ ಅಲ್ಲಿ ಮೂಕವಾಗಿದೆ. ಬೇಂದ್ರೆಯವರ 'ಗರಿ' (1932) ಸಂಕಲನದ ಕಾಲಪಕ್ಷಿಯ ಕವಿತೆಯಲ್ಲಿಯೂ ಗರಿಗಳ ಬಣ್ಣವುಂಟು. ಆದರೆ ಪ್ರತಿಯೊಂದು ನುಡಿಯೂ ಮುಗಿಯುವುದು ಹಾರಾಟವನ್ನು ಕಂಡಿರಾ ಎಂಬ ಪ್ರಶ್ನೆಯಲ್ಲಿ. ಜಾತಿಯಿಂದ ಹೊರಟು ಕ್ರಿಯೆಗೆ ಬಂದು ಸೇರುವ ಈ ನಡೆಯನ್ನು ಛಾಯಾಗ್ರಾಹಕನೂ ಕಲಿಯಬಹುದು. ದೇಹ ಸ್ಪಷ್ಟವಾಗಿದ್ದು ರೆಕ್ಕೆ ಹೊಗೆಯಂತೆ ಮಸುಕಾದ ಚಿತ್ರವನ್ನು ಕೆಟ್ಟದೆಂದು ಬಿಸುಡುವವರು ಕ್ರಿಯಾಸ್ವಭಾವೋಕ್ತಿಯನ್ನೇ ಬಿಸುಡುತ್ತಿರಬಹುದು.

ಇನ್ನು ಔಚಿತ್ಯದ ಮಾತು. ಹಮ್ಮಿಂಗ್ ಹಕ್ಕಿ ನಮ್ಮ ದೇಶದಲ್ಲಿಲ್ಲ. ಪತ್ರಿಕೆಗಳಲ್ಲಿ ಆ ಹೆಸರಿನಿಂದ ಒಮ್ಮೊಮ್ಮೆ ಅಚ್ಚಾಗುವುದು ನಮ್ಮ ಸೂರಕ್ಕಿಯೇ. ಇದೂ ಮಕರಂದವನ್ನು ಹೀರುತ್ತದೆ, ಇದರ ಮೈಯೂ ಬಿಸಿಲಿಗೆ ನೀಲಿಯಾಗಿ ಮಿರುಗುತ್ತದೆ. ಆದರೆ ಇದು ಗಾಳಿಯಲ್ಲಿ ನಿಲ್ಲುವುದು ಅಪರೂಪ, ಅದೂ ಅರೆಗಳಿಗೆ. ರೆಂಬೆಗೆ ಕಾಲೂರಿ ಕೊರಳು ಬಾಗಿಸಿ ಕುಡಿಯುವುದು ಇದರ ಸ್ವಭಾವ. ಹೂವಿನ ಬಳಿ ಸಿಗದ ಹಾರಾಟವನ್ನು ಹುಡುಕುವವನು ಗೂಡಿನ ಬಳಿಗೆ ಬರುತ್ತಾನೆ. ಏಕೆಂದರೆ ಮರಿಗೆ ಗುಟುಕು ಕೊಡಲು ತಾಯಿ ಅಲ್ಲಿಗೆ ಬಂದೇ ಬರಬೇಕು. ಜೇಡರ ಬಲೆಯಿಂದ ನಾರು ಕಸಗಳನ್ನು ಹೆಣೆದು, ಬಾಗಿಲ ಮೇಲೆ ಪುಟ್ಟ ಪಡಸಾಲೆ ಇಳಿಸಿ, ತುದಿಗೊಂಬೆಗೆ ತೂಗುಬಿಟ್ಟ ಗೂಡು ಅದು. ಚಿತ್ರಕ್ಕೆ ಅಡ್ಡವೆಂದು ಸುತ್ತಲಿನ ಎಲೆ ಕಿತ್ತರೆ ನಮ್ಮ ಸೀಮೆಯ ಬಿಸಿಲು ನೇರ ಮರಿಗಳ ಮೇಲೆ ಬೀಳುತ್ತದೆ. ಕಾಗೆಗೆ ದಾರಿ ತೋರಿಸಿದಂತಾಗುತ್ತದೆ. ದೀಪಗಳಿಗೆ ಹೆದರಿದ ತಾಯಿ ದೂರ ಉಳಿದಷ್ಟು ಹೊತ್ತು ಮರಿಗಳು ಹಸಿದಿರುತ್ತವೆ. ಗೂಡಿನ ಚಿತ್ರವನ್ನು ನಮ್ಮ ದೇಶದ ಹಲವು ಸ್ಪರ್ಧೆಗಳು ಈಗ ಸ್ವೀಕರಿಸದಿರುವುದು ಯೋಗ್ಯವೇ ಆಗಿದೆ.

ಚಿತ್ರವೊಂದು ನಮ್ಮೆದುರು ಬಂದಾಗ ಎರಡು ಪ್ರಶ್ನೆ ಕೇಳೋಣ. ಇದು ಹಕ್ಕಿಯ ಜಾತಿಯನ್ನು ಹೇಳುತ್ತದೆಯೋ, ಕ್ರಿಯೆಯನ್ನು ಹೇಳುತ್ತದೆಯೋ? ಹೇಳಲು ಏನನ್ನು ಸಜ್ಜುಗೊಳಿಸಿದೆ, ಮತ್ತು ಅದನ್ನು ಮುಚ್ಚಿಡದೆ ತಿಳಿಸಿದೆಯೆ? ದೀಪಗಳಿದ್ದರೆ ದೀಪಗಳಿವೆ ಎನ್ನಲಿ, ಸಕ್ಕರೆ ನೀರಿದ್ದರೆ ಇದೆ ಎನ್ನಲಿ. ಅದರಿಂದ ಚಿತ್ರದ ಮಾನ ಕುಗ್ಗುವುದಿಲ್ಲ. ಎಕ್ಕೆಯ ಹೂವಿನ ಮೇಲೆ ಕುಳಿತು ಕುಡಿಯುವ ಸೂರಕ್ಕಿಯನ್ನು, ಬೆಳಗಿನ ಬಿಸಿಲೊಂದನ್ನೇ ನಂಬಿ, ಅದರ ನಡತೆಯಲ್ಲಿ ಹಿಡಿದು ತೋರಿಸಿದ ತರುಣನು ನೂರು ಹಮ್ಮಿಂಗ್ ಹಕ್ಕಿಗಳ ನಕಲಿಗಿಂತ ಹಿರಿದಾದುದನ್ನು ಸಾಧಿಸಿರುತ್ತಾನೆ.