ಹಸಿರು ಬೆಳಕಿಗೆ ಸಿಕ್ಕ ಮಂಜಿನ ಮೋಡ

ಆರೇಳು ಕಿಲೋಮೀಟರ್‌ಗೂ ಮೇಲೆ ತೇಲುವ ಸಿರಸ್ ಮೋಡವೆಂದರೆ ಬರೀ ಮಂಜುಗಡ್ಡೆಯ ಹರಳು. ಕೆಲವಂತೂ ಎಷ್ಟು ತೆಳುವೆಂದರೆ, ಕೆಳಗಿನಿಂದ ನೋಡಿದವರಿಗೆ ಆಕಾಶ ಖಾಲಿಯಾಗಿಯೇ ಕಾಣುತ್ತದೆ.

ಅಂಥವನ್ನೂ ಹುಡುಕಿ ಅಳೆದದ್ದು ಕ್ಯಾಲಿಪ್ಸೊ ಉಪಗ್ರಹ. ನಾಸಾ ಮತ್ತು ಫ್ರಾನ್ಸ್‌ನ ಬಾಹ್ಯಾಕಾಶ ಸಂಸ್ಥೆ ಸೇರಿ ರೂಪಿಸಿದ ಇದು 2006ರ ಏಪ್ರಿಲ್‌ನಲ್ಲಿ ಮೇಲೇರಿತು. ಇದರಲ್ಲಿದ್ದ ಲೈಡಾರ್ ಎಂಬ ಲೇಸರ್ ಅಳತೆಯ ಉಪಕರಣ ಸೆಕೆಂಡಿಗೆ ಸುಮಾರು 20 ಬಾರಿ ಲೇಸರ್ ಮಿಡಿತ ಕಳಿಸುತ್ತಿತ್ತು. ಚದುರಿ ವಾಪಸಾದ ಚೂರುಪಾರು ಬೆಳಕನ್ನು 1 ಮೀಟರ್ ಅಗಲದ ದೂರದರ್ಶಕ ಹಿಡಿಯುತ್ತಿತ್ತು. ಬೆಳಕು ಮರಳಲು ತೆಗೆದುಕೊಂಡ ಸಮಯದಿಂದ ಮೋಡದ ಎತ್ತರ ಗೊತ್ತಾಗುತ್ತಿತ್ತು.

ನೀರೋ ಮಂಜೋ ಎಂದು ಪತ್ತೆಹಚ್ಚುವ ಜಾಣ್ಮೆ ಇನ್ನೂ ಚಂದ. ಲೇಸರ್‌ನ 532 ನ್ಯಾನೋಮೀಟರ್‌ನ ಹಸಿರು ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತ ಹೊರಡುತ್ತಿತ್ತು. ದುಂಡನೆಯ ನೀರಹನಿಗೆ ಒಮ್ಮೆ ತಗುಲಿ ಬಂದರೆ ಆ ಕಂಪನ ಹಾಗೇ ಉಳಿಯುತ್ತದೆ. ಮೂಲೆಮೂಲೆಯ ಹರಳನ್ನು ಹೊಕ್ಕು ಬಂದರೆ ದಿಕ್ಕು ಕೆಡುತ್ತದೆ.

ಯಾಮಾರಿಸಿದ್ದು ತಟ್ಟೆಯಾಕಾರದ ಹರಳುಗಳು. ಮಟ್ಟಸವಾಗಿ ಮಲಗಿ ತೇಲುವ ಅವು ಕನ್ನಡಿಯಂತೆ ಬೆಳಕನ್ನು ನೇರ ಹಿಂದಿರುಗಿಸಿ ನೀರಿನ ವೇಷ ಹಾಕುತ್ತಿದ್ದವು. ಅದಕ್ಕೇ 2007ರ ನವೆಂಬರ್‌ನಲ್ಲಿ ನೇರ ಕೆಳಮುಖಕ್ಕೆ 0.3 ಡಿಗ್ರಿ ಓರೆಯಿದ್ದ ಲೈಡಾರಿನ ನೋಟವನ್ನು 3 ಡಿಗ್ರಿಗೆ ವಾಲಿಸಲಾಯಿತು. ಅಷ್ಟು ಓರೆಗೇ ಆ ಥಳಕು ಬಹುಮಟ್ಟಿಗೆ ಅಡಗಿತು.

2009ರಲ್ಲಿ ಮೊದಲ ಲೇಸರ್ ಕೈಕೊಟ್ಟಾಗ ಬದಲಿ ಲೇಸರ್ ಹೊಣೆ ಹೊತ್ತಿತು. ಮೂರು ವರ್ಷಕ್ಕೆಂದು ಹೊರಟ ಕ್ಯಾಲಿಪ್ಸೊ 2023ರ ಆಗಸ್ಟ್‌ವರೆಗೂ ದುಡಿಯಿತು.