ಕೋಡ್ ಹೇಳಿದ್ದೊಂದು, ಪ್ಲಗ್ಗು ಹೇಳಿದ್ದೊಂದು

ಹಳೇ ಕಾರು ಇಟ್ಟುಕೊಂಡವರಲ್ಲಿ ಎರಡು ಪಂಗಡ. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ನಿನ ಚಿತ್ರವಿರುವ ಹಳದಿ ದೀಪ ಹತ್ತಿದರೆ ರಾತ್ರಿ ನಿದ್ದೆ ಬಾರದವರು ಒಂದು ಕಡೆ. ಆ ದೀಪದ ಮೇಲೆ ದೇವರ ಸ್ಟಿಕ್ಕರ್ ಅಂಟಿಸಿ ಧರ್ಮಸ್ಥಳಕ್ಕೆ ಹೋಗಿ ಬರುವವರು ಇನ್ನೊಂದು ಕಡೆ. ನನಗೆ ಎರಡನೆಯವರ ಮೇಲೆ ಒಳಗೊಳಗೇ ಸ್ವಲ್ಪ ಪ್ರೀತಿ. ಆದರೂ ದೀಪ ಮಿಣುಕತೊಡಗಿದರೆ ಅವರು ಕೂಡ ಗಾಡಿಯನ್ನು ಪಕ್ಕಕ್ಕೆ ಹಾಕಲೇಬೇಕು. ಮಿಣುಕುವ ದೀಪವೆಂದರೆ ಯಾವುದೋ ಸಿಲಿಂಡರ್ ಮಿಸ್ ಹೊಡೆಯುತ್ತಿದೆ, ಪೆಟ್ರೋಲು ಉರಿಯದೆ ಹಾಗೇ ಹೊರಬೀಳುತ್ತಿದೆ ಎಂದರ್ಥ. ಆ ಪೆಟ್ರೋಲು ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯತೊಡಗುತ್ತದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಸವರಿದ ಅದರ ಜಾಲಿ ಕಾದು ಕರಗಿದರೆ ಹಳೇ ಗಾಡಿಯ ಅರ್ಧ ಬೆಲೆ ಅಲ್ಲೇ ಹೋಯಿತು.

ಈ ವಾರ ನಾನು ಬರೆಯಹೊರಟಿರುವುದು ಮಿಣುಕದ, ಆದರೆ ಹಟಮಾರಿಯಾದ ದೀಪದ ಬಗ್ಗೆ. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ ಅಳಿಸುತ್ತಾರೆ, ಮೂರನೇ ದಿನ ಅದು ಮತ್ತೆ ಹಾಜರ್. ಗಾಡಿ ಚೆನ್ನಾಗೇ ಓಡುತ್ತಿರುತ್ತದೆ, ಪಿಕಪ್ಪಿಗೂ ಮೋಸವಿಲ್ಲ, ಮೈಲೇಜು ಮಾತ್ರ ಯಾಕೋ ಸ್ವಲ್ಪ ಇಳಿದಿದೆ.

ಮೂರನೇ ದಿನವೇ ಯಾಕೆ ಎಂದು ಕೇಳುವವರಿಗೆ ಉತ್ತರ ಸರಳ. ಇಂಜಿನ್ನಿನ ಕಂಪ್ಯೂಟರು ಹೆಚ್ಚಿನ ದೋಷಗಳನ್ನು ಒಮ್ಮೆ ಕಂಡ ಮಾತ್ರಕ್ಕೆ ದೀಪ ಹಚ್ಚುವುದಿಲ್ಲ. ಮೊದಲ ಓಟದಲ್ಲಿ ಕಂಡದ್ದನ್ನು ಗುರುತು ಹಾಕಿಟ್ಟುಕೊಂಡು, ಇನ್ನೊಂದು ಓಟದಲ್ಲೂ ಕಂಡರೆ ಆಗ ಹಚ್ಚುತ್ತದೆ. ಬರೀ ಆಫೀಸು ಮನೆ ಓಡುವ ಗಾಡಿಯಲ್ಲಿ ಕೆಲವು ಪರೀಕ್ಷೆಗಳಿಗೆ ಬೇಕಾದ ವೇಗವೂ ಬಿಸಿಯೂ ಸಿಗುವುದೇ ಇಲ್ಲ, ಆಗ ಇನ್ನೂ ತಡ. ದೋಷ ನಿಜಕ್ಕೂ ಹೋಗಿದ್ದರೆ ಮೂರು ಶುದ್ಧ ಓಟಗಳಾದ ಮೇಲೆ ದೀಪ ತಾನಾಗಿಯೇ ಆರುತ್ತದೆ. ಯಾರ ಸ್ಕ್ಯಾನರೂ ಬೇಕಿಲ್ಲ. ಹಾಗಾಗಿ ‘ಕೋಡ್ ಕ್ಲಿಯರ್ ಮಾಡಿದೀನಿ ಸಾರ್’ ಎನ್ನುವುದಕ್ಕೆ ದುಡ್ಡು ಕೊಡುವಾಗ ನೀವು ಕೊಂಡದ್ದು ಎರಡು ದಿನದ ನೆಮ್ಮದಿ ಮಾತ್ರ. ಬ್ಯಾಟರಿ ವೈರು ಕಿತ್ತು ಹಾಕುವ ಮನೆಮದ್ದೂ ಅಷ್ಟೇ. ಅದರಲ್ಲಿ ಇನ್ನೊಂದು ನಷ್ಟವೂ ಇದೆ. ದೀಪ ಹತ್ತಿದ ಕ್ಷಣದಲ್ಲಿ ವೇಗ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ಲೋಡು ಎಳೆಯುತ್ತಿತ್ತು ಎಂಬುದನ್ನೆಲ್ಲ ಕಂಪ್ಯೂಟರು ‘ಫ್ರೀಜ್ ಫ್ರೇಮ್’ ಎಂದು ಎತ್ತಿಟ್ಟಿರುತ್ತದೆ. ಕೋಡ್ ಅಳಿಸಿದವರು ಅದನ್ನೂ ಅಳಿಸಿಬಿಡುತ್ತಾರೆ. ಮೊದಲು ಬರೆದುಕೊಳ್ಳಿ, ಫೋಟೋ ಹೊಡೆದುಕೊಳ್ಳಿ, ಆಮೇಲೆ ಏನಾದರೂ ಮಾಡಿ.

ಈ ದೀಪದ ತವರು ಕ್ಯಾಲಿಫೋರ್ನಿಯಾ. ಅಲ್ಲಿನ ಹೊಗೆಯ ಕಾಟಕ್ಕೆ 1988ರ ಮಾದರಿಗಳಿಂದ ಕಾರು ತನ್ನ ದೋಷವನ್ನು ತಾನೇ ಹೇಳಬೇಕೆಂದು ಕಾಯ್ದೆಯಾಯಿತು. 1996ರ ಹೊತ್ತಿಗೆ ಇಡೀ ಅಮೆರಿಕಕ್ಕೆ ಒಂದೇ ಬಗೆಯ ಹದಿನಾರು ಪಿನ್ನಿನ ಸಾಕೆಟ್ಟು, ಒಂದೇ ಬಗೆಯ ಕೋಡು ಬಂದವು. ನಮ್ಮಲ್ಲಿ ಭಾರತ್ ಸ್ಟೇಜ್ 4ರ ಕಾರುಗಳಿಗೆ 2010ರಲ್ಲಿ ಈ ವ್ಯವಸ್ಥೆಯ ಮೊದಲ ಹಂತ, 2013ರಲ್ಲಿ ಎರಡನೇ ಹಂತ. ಅದಕ್ಕೂ ಹಿಂದಿನ ಎಂಪಿಎಫ್‌ಐ ಗಾಡಿಗಳಲ್ಲಿ ಭಾಷೆ ಬೇರೆ. ತೊಂಬತ್ತರ ದಶಕದ ಸುಜುಕಿ ತಳಿಗಳಲ್ಲಿ ಡಯಾಗ್ನೋಸಿಸ್ ಟರ್ಮಿನಲ್ ಜೋಡಿಸಿದರೆ ದೀಪವೇ ಕಣ್ಣು ಹೊಡೆದು ಅಂಕಿ ಹೇಳುತ್ತಿತ್ತು: ಒಂದು ಸಲ, ಸ್ವಲ್ಪ ತಡೆದು ಎರಡು ಸಲ, ಅಂದರೆ ಹನ್ನೆರಡು, ಎಲ್ಲ ಸರಿಯಿದೆ. ಎಂಥ ಚೆಂದ! ಆದರೂ ರೋಗ ಪತ್ತೆಯ ಸುಖ ಬೇಕೆಂದರೆ ನಾನು ಕೈ ಹಾಕುವುದು 2010ರಿಂದ 2017ರ ನಡುವಿನ ಗಾಡಿಗಳಿಗೆ. ಮಾತಾಡುವಷ್ಟು ವೈರುಗಳಿವೆ, ಬಾಯಿಬಡುಕತನವಿಲ್ಲ.

ಇನ್ನು ಕೋಡಿನ ವಿಷಯ. ಪಿ0171 ಎಂದು ಬಂದರೆ ‘ಮಿಶ್ರಣದಲ್ಲಿ ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು’ ಎಂಬ ದೂರು. ಪಿ0420 ಎಂದರೆ ಕ್ಯಾಟಲಿಟಿಕ್ ಕನ್ವರ್ಟರು ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬ ಸಂಶಯ. ಎರಡರಲ್ಲಿ ಯಾವುದೂ ಬದಲಿಸಬೇಕಾದ ಪಾರ್ಟಿನ ಹೆಸರನ್ನು ಹೇಳುತ್ತಿಲ್ಲ ಎಂಬುದನ್ನು ಗಮನಿಸಿ. ಕೋಡೆಂದರೆ ಒಬ್ಬ ಸಾಕ್ಷಿಯ ಹೇಳಿಕೆ. ನಮ್ಮ ಗ್ಯಾರೇಜುಗಳಲ್ಲಿ ಬಹಳಷ್ಟು ಸಲ ಸಾಕ್ಷಿಯನ್ನೇ ಹಿಡಿದು ಒಳಗೆ ಹಾಕುತ್ತಾರೆ.

ಮೈಸೂರಿನ ಗೆಳೆಯರೊಬ್ಬರ ಹಳೆಯ ಹ್ಯಾಚ್‌ಬ್ಯಾಕಿಗೆ ಹೀಗೇ ಆಯಿತು. ಪಿ0171. ‘ಆಕ್ಸಿಜನ್ ಸೆನ್ಸಾರ್ ಹೋಗಿದೆ ಸಾರ್’ ಅಂದರು, ಬದಲಾಯಿಸಿದರು. ದೀಪ ಬಂತು. ‘ಹಾಕಿದ್ದು ಡೂಪ್ಲಿಕೇಟ್ ಇರ್ಬೇಕು, ಒರಿಜಿನಲ್ ತರಿಸೋಣ’ ಅಂದರು, ಅದೂ ಬಂತು, ಅದರ ಹಿಂದೆಯೇ ದೀಪವೂ. ಮುಂದಿನ ಸರದಿ ಪೆಟ್ರೋಲ್ ಪಂಪಿನದು ಎನ್ನುವಾಗ ಗೆಳೆಯರು ಗಾಡಿಯನ್ನು ಮಂಡಿ ಮೊಹಲ್ಲಾದ ಒಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ ಒಯ್ದರು, ನಾನೂ ಜೊತೆಗಿದ್ದೆ. ಅವರ ಬಳಿ ಸ್ಕ್ಯಾನರ್ ಇಲ್ಲ. ಅದು ನನ್ನ ಜೇಬಿನಲ್ಲಿತ್ತು, ಫೋನಿಗೆ ಬ್ಲೂಟೂತಿನಲ್ಲಿ ಮಾತಾಡುವ ಅಗ್ಗದ ಡಬ್ಬಿ. ನಾನು ಸ್ಟೀರಿಂಗಿನ ಕೆಳಗೆ ತಡಕಾಡುತ್ತಿರುವಾಗ ಅವರು ಬಾನೆಟ್ ಎತ್ತಿ, ಕಾಯಿಲ್ ಕಿತ್ತು, ಪ್ಲಗ್ಗು ಬಿಚ್ಚಿ ಬೆಳಕಿಗೆ ಹಿಡಿದರು. ತುದಿಯೆಲ್ಲ ಕಾಡಿಗೆ ಕಪ್ಪು. ‘ಇದು ಪೆಟ್ರೋಲ್ ಜಾಸ್ತಿ ಕುಡೀತಾ ಇದೆ ಸಾರ್. ನಿಮ್ಮ ಮಿಷನ್ನು ಕಮ್ಮಿ ಅಂತಾ ಇದೆಯಾ?’

ನನಗೆ ಈ ಹವ್ಯಾಸದಲ್ಲಿ ಇದಕ್ಕಿಂತ ರುಚಿಯ ಗಳಿಗೆ ಗೊತ್ತಿಲ್ಲ. ಪ್ಲಗ್ಗಿನ ತುದಿ ನಸುಗಂದು ಇದ್ದರೆ ಮಿಶ್ರಣ ಹದವಾಗಿದೆ, ಬೆಳ್ಳಗೆ ಬಿಳಿಚಿದ್ದರೆ ಪೆಟ್ರೋಲು ಕಡಿಮೆ, ಕಪ್ಪು ಮಸಿಯಿದ್ದರೆ ಹೆಚ್ಚು ಎಂಬುದು ಕಾರ್ಬೊರೇಟರ್ ಕಾಲದಿಂದ ಬಂದ ಓದು. ಕಂಪ್ಯೂಟರು ಕಡಿಮೆ ಎನ್ನುತ್ತಿದೆ, ಪ್ಲಗ್ಗು ಹೆಚ್ಚು ಎನ್ನುತ್ತಿದೆ. ಸೆನ್ಸಾರೋ ಹೊಸದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ ಎಂದು ಇಟ್ಟುಕೊಂಡರೆ ಉಳಿಯುವ ದಾರಿ ತೀರಾ ಕಿರಿದು. (ಇಬ್ಬರೂ ಒಂದೇ ಮನೆತನದವರು ಎಂಬುದು ಬೇರೆ ತಮಾಷೆ. ಆಮ್ಲಜನಕ ಅಳೆಯುವ ಲ್ಯಾಂಬ್ಡಾ ಸೆನ್ಸಾರನ್ನು 1976ರಲ್ಲಿ ವೋಲ್ವೊ ಕಾರಿಗೆ ಮೊದಲು ಕೊಟ್ಟದ್ದು ಬಾಷ್. ನಮ್ಮ ಮೆಕ್ಯಾನಿಕ್‌ಗಳು ಓದಲು ಕಲಿತದ್ದು ಆಡುಗೋಡಿಯ ಮೈಕೋ ಪ್ಲಗ್ಗಿನಲ್ಲಿ, ಆ ಮೈಕೋ 2008ರಿಂದ ಬಾಷ್ ಎಂದೇ ಹೆಸರಾಗಿದೆ.)

ಆ ಸೆನ್ಸಾರಿಗೆ ಪೆಟ್ರೋಲು ಏನೆಂದೇ ಗೊತ್ತಿಲ್ಲ. ಹೊಗೆಯಲ್ಲಿ ಉಳಿದಿರುವ ಆಮ್ಲಜನಕವನ್ನು ಹೊರಗಿನ ಗಾಳಿಯ ಜೊತೆ ಹೋಲಿಸಿ, ಹೆಚ್ಚಿದ್ದರೆ 0.1 ವೋಲ್ಟು, ಇಲ್ಲವೆನ್ನುವಷ್ಟಿದ್ದರೆ 0.9 ವೋಲ್ಟು ಕೊಡುವುದಷ್ಟೇ ಅದರ ಕಸುಬು. ಆಮ್ಲಜನಕ ಸಿಲಿಂಡರಿನಿಂದ ಬಂತೋ, ದಾರಿಯಲ್ಲಿ ಎಲ್ಲೋ ನುಸುಳಿತೋ ಅದಕ್ಕೆ ತಿಳಿಯದು. ಇಂಜಿನ್ನಿಗೂ ಸೆನ್ಸಾರಿಗೂ ನಡುವೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೀಳಿದ್ದರೆ, ಹೊಗೆ ಅಲೆಅಲೆಯಾಗಿ ಹೋಗುವುದರಿಂದ, ಎರಡು ಅಲೆಗಳ ನಡುವಿನ ಒತ್ತಡದ ಇಳಿತದಲ್ಲಿ ಹೊರಗಿನ ಗಾಳಿ ಒಳಗೆ ನುಸುಳುತ್ತದೆ. ಸೆನ್ಸಾರು ಆ ಗಾಳಿಯನ್ನು ನಿಷ್ಠೆಯಿಂದ ವರದಿ ಮಾಡುತ್ತದೆ. ಕಂಪ್ಯೂಟರು ‘ಓಹೋ, ಪೆಟ್ರೋಲು ಸಾಲದು’ ಎಂದು ಸುರಿಯುತ್ತಲೇ ಹೋಗುತ್ತದೆ. ಪ್ಲಗ್ಗು ಕಪ್ಪಾಗುತ್ತದೆ, ಮೈಲೇಜು ಇಳಿಯುತ್ತದೆ, ಸುರಿಯುವ ಮಿತಿ ಮುಗಿದಾಗ ದೀಪ ಹತ್ತುತ್ತದೆ.

ಡಬ್ಬಿಯೂ ಅದನ್ನೇ ಹೇಳಿತು. ಕಂಪ್ಯೂಟರು ತನ್ನ ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲನ್ನು ಕೂಡಿಸಿ ಕಳೆದು ಹಾಕುತ್ತಿದೆ ಎನ್ನುವ ಅಂಕಿಗೆ ‘ಫ್ಯುಯಲ್ ಟ್ರಿಮ್’ ಎನ್ನುತ್ತಾರೆ. ಐಡ್ಲಿಂಗಿನಲ್ಲಿ ಅದು ಇಪ್ಪತ್ತು ದಾಟಿ ಕೂತಿತ್ತು, ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂನಲ್ಲಿ ಹಿಡಿದರೆ ಒಂದಂಕಿಗೆ ಇಳಿಯುತ್ತಿತ್ತು. ಹೊಗೆಯ ರಭಸ ಹೆಚ್ಚಿದಾಗ ನುಸುಳುವ ಗಾಳಿಯ ಪಾಲು ಸಣ್ಣದಾಗುತ್ತದೆ. ಪಂಪೋ ಫಿಲ್ಟರೋ ಸೋತಿದ್ದರೆ ಇದು ತಿರುವುಮುರುವು: ಐಡ್ಲಿಂಗಿನಲ್ಲಿ ಎಲ್ಲ ಸರಿ, ಘಾಟಿ ಹತ್ತಿಸುವಾಗ ಅಂಕಿ ಏರುತ್ತದೆ. ಈ ಒಂದು ಪರೀಕ್ಷೆಗೆ ಎರಡು ನಿಮಿಷ ಸಾಕು. ಮೊದಲೇ ಮಾಡಿದ್ದರೆ ಎರಡು ಸೆನ್ಸಾರು ಉಳಿಯುತ್ತಿದ್ದವು.

ಮರುದಿನ ಬೆಳಿಗ್ಗೆ ತಣ್ಣಗಿದ್ದ ಗಾಡಿಯನ್ನು ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು ಕೇಳಿಸಿತು. ಇದನ್ನು ಟ್ಯಾಪೆಟ್ ಸೌಂಡು ಎಂದು ತಳ್ಳಿಹಾಕುವವರೇ ಹೆಚ್ಚು. ಟ್ಯಾಪೆಟ್ಟಾದರೆ ಸಾಮಾನ್ಯವಾಗಿ ಬಿಸಿಯಾದ ಮೇಲೂ ಸದ್ದು ಇರುತ್ತದೆ. ಇದು ಕಬ್ಬಿಣ ಕಾದು ಹಿಗ್ಗಿ ಸೀಳು ಮುಚ್ಚಿಕೊಂಡಂತೆ ಸುಮ್ಮನಾಯಿತು. ಹೀಟ್ ಶೀಲ್ಡ್ ತೆಗೆದರೆ ಗ್ಯಾಸ್ಕೆಟ್ಟಿನ ಅಂಚಿನಲ್ಲಿ ಬೆರಳಗಲ ಮಸಿ. ಗ್ಯಾಸ್ಕೆಟ್ ಅಗ್ಗ. ಕಷ್ಟವಿರುವುದು ತುಕ್ಕು ಹಿಡಿದ ಸ್ಟಡ್ಡುಗಳಲ್ಲಿ. ಒಂದು ಹೆಡ್ಡಿನೊಳಗೇ ಮುರಿದರೆ ಆ ದಿನ ಅಲ್ಲಿಗೆ ಮುಗಿಯಿತು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಬೇಕು, ಹಟ ಮಾಡಿ ತಿರುಗಿಸಬಾರದು. ಮ್ಯಾನಿಫೋಲ್ಡಿನ ಮುಖ ವರ್ಷಗಳ ಕಾವಿಗೆ ಸೊಟ್ಟಗಾಗಿರುತ್ತದಾದ್ದರಿಂದ ಲೇತ್ ಅಂಗಡಿಗೆ ಕೊಟ್ಟು ಫೇಸಿಂಗ್ ಮಾಡಿಸದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಆರು ತಿಂಗಳಿಗೆ ಅದೇ ಕಥೆ. ನಮ್ಮ ಹಿರಿಯ ಮೆಕ್ಯಾನಿಕ್ ಫೇಸಿಂಗ್ ಮಾಡಿಸಿಯೇ ಕೂಡಿಸಿದರು.

ಇಲ್ಲಿ ಒಂದು ಎಚ್ಚರಿಕೆ. ಪಿ0171 ಎಂದು ಯೂಟ್ಯೂಬಿನಲ್ಲಿ ಹುಡುಕಿದರೆ ಅಮೆರಿಕದ ಮಹನೀಯರೆಲ್ಲ ‘ವ್ಯಾಕ್ಯೂಮ್ ಲೀಕ್’ ಎಂದು ಪಟ್ಟು ಹಿಡಿದು ಹೋಸ್ ಪೈಪುಗಳ ಮೇಲೆ ಸ್ಪ್ರೇ ಹೊಡೆಯುತ್ತಾರೆ. ಅವರ ದೊಡ್ಡ ಕಾರುಗಳಿಗೆ ಅದು ಸರಿ. ಒಳಬರುವ ಗಾಳಿಯನ್ನು ಬಾಗಿಲಲ್ಲೇ ಅಳೆಯುವ ಎಂಎಎಫ್ ಸೆನ್ಸಾರ್ ಅಲ್ಲಿ ಸಾಮಾನ್ಯ, ಅದನ್ನು ದಾಟಿದ ಮೇಲೆ ನುಸುಳಿದ ಗಾಳಿ ಲೆಕ್ಕಕ್ಕೆ ಸಿಗದು. ನಮ್ಮ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಿನವು ಮ್ಯಾನಿಫೋಲ್ಡಿನೊಳಗಿನ ಒತ್ತಡವನ್ನು ಅಳೆಯುವ ಮ್ಯಾಪ್ ಸೆನ್ಸಾರಿನವು. ನುಸುಳಿದ ಗಾಳಿಯೂ ಒತ್ತಡವಾಗಿ ಕಾಣಿಸಿಕೊಂಡು ಲೆಕ್ಕಕ್ಕೆ ಸೇರುತ್ತದೆ. ಅಂಥ ಗಾಡಿಯಲ್ಲಿ ಹೋಸ್ ಸೀಳಿದರೆ ಐಡ್ಲಿಂಗ್ ಏರುವುದೇ ಹೆಚ್ಚು. ಈ ಕೋಡ್ ಬರುವುದು ಕಡಿಮೆ. ಬೇರೆಯವರ ಗಾಡಿಯ ಕಷಾಯವನ್ನು ನಮ್ಮದಕ್ಕೆ ಕುಡಿಸುವ ಮೊದಲು ಬಾನೆಟ್ ಎತ್ತಿ ಯಾವ ಸೆನ್ಸಾರಿದೆ ನೋಡಿ.

ಎಥೆನಾಲ್ ಬೆರೆತ ಇ20 ಪೆಟ್ರೋಲೇ ಈ ದೀಪಕ್ಕೆ ಕಾರಣವೇ ಎಂದು ಕೇಳುವ ಓದುಗರ ಪತ್ರಗಳು ಬರುತ್ತಲೇ ಇವೆ. ಶುದ್ಧ ಪೆಟ್ರೋಲು ಹದವಾಗಿ ಉರಿಯಲು ತೂಕದಲ್ಲಿ ಒಂದಕ್ಕೆ 14.7 ಪಟ್ಟು ಗಾಳಿ ಬೇಕು, ಎಥೆನಾಲಿಗೆ 9 ಪಟ್ಟು. ಇಪ್ಪತ್ತು ಭಾಗ ಬೆರೆತದ್ದಕ್ಕೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಸುರಿಯಬೇಕು. ಹತ್ತು ಭಾಗ ಬೆರೆತದ್ದಕ್ಕೆ ಹೊಂದಿಕೊಂಡಿದ್ದ ಗಾಡಿಯ ಟ್ರಿಮ್ ಇದರಿಂದ ಹೆಚ್ಚುಕಡಿಮೆ ನಾಲ್ಕು ಅಂಕ ಮೇಲಕ್ಕೆ ಸರಿಯುತ್ತದೆ. ಆರೋಗ್ಯವಾಗಿರುವ ಇಂಜಿನ್ನಿಗೆ ಅದೊಂದು ಲೆಕ್ಕವೇ ಅಲ್ಲ. ಕೊಳೆ ಕಟ್ಟಿದ ಇಂಜೆಕ್ಟರು, ಸೋತ ಪಂಪು, ಸಣ್ಣ ಸೀಳು ಇವೆಲ್ಲ ಸೇರಿ ಮೊದಲೇ ಹದಿನೇಳು ಹದಿನೆಂಟರಲ್ಲಿ ನಿಂತಿದ್ದ ಗಾಡಿಯನ್ನು ಮಾತ್ರ ಈ ನಾಲ್ಕೇ ಅಂಚಿನಿಂದ ಆಚೆಗೆ ದೂಡುತ್ತದೆ. ಹಳೇ ರಬ್ಬರ್ ಪೈಪುಗಳಿಗೆ ಎಥೆನಾಲು ಒಗ್ಗುವುದಿಲ್ಲವೆಂಬ ತಕರಾರು ನನಗೂ ಇದೆ, ಕಬ್ಬಿನ ಸೀಮೆಯವರು ಬೈದುಕೊಳ್ಳಬಾರದು. ಆದರೆ ದೀಪದ ಪೂರ್ತಿ ಪಾಪವನ್ನು ಬಂಕಿನ ತಲೆಗೆ ಕಟ್ಟಲಾರೆ.

ವೈರು ಕಡಿಯುವ ಇಲಿಗಳ ವಿಷಯ ಒಂದೇ ಮಾತು: ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಕೋಡುಗಳು ಒಟ್ಟಿಗೆ ಬಂದರೆ ಮೊದಲು ವೈರಿಂಗಿನಲ್ಲಿ ಹಲ್ಲಿನ ಗುರುತು ನೋಡಿ, ಆಮೇಲೆ ಬ್ಯಾಟರಿ ಮತ್ತು ಅರ್ಥಿಂಗ್ ಪಟ್ಟಿ.

ಹಳೇ ಗಾಡಿ ಕೊಳ್ಳಹೊರಟವರಿಗೆ ಈ ದೀಪ ಹತ್ತದಿರುವುದೂ ಸುದ್ದಿಯೇ. ಕೀ ತಿರುಗಿಸಿ ಸ್ಟಾರ್ಟ್ ಮಾಡದೆ ನಿಲ್ಲಿಸಿ. ಉಳಿದ ದೀಪಗಳ ಜೊತೆ ಇಂಜಿನ್ ದೀಪವೂ ಹತ್ತಬೇಕು. ಹತ್ತದಿದ್ದರೆ ಯಾರೋ ಅದರ ಬಾಯಿ ಕಟ್ಟಿದ್ದಾರೆ. ನಮ್ಮ ಎಮಿಷನ್ ಟೆಸ್ಟಿನಲ್ಲಿ ಸೈಲೆನ್ಸರಿಗೆ ನಳಿಗೆ ತೂರಿಸಿ ಹೊಗೆ ಅಳೆಯುತ್ತಾರೆ, ಡ್ಯಾಶ್‌ಬೋರ್ಡ್ ಕಡೆ ನೋಡುವುದಿಲ್ಲ. ಹಾಗಾಗಿ ಆ ಸರ್ಟಿಫಿಕೇಟ್ ತೋರಿಸಿದರೆ ಸಮಾಧಾನ ಪಡಬೇಡಿ. ಹತ್ತಿ ಆರಿದರೆ ಡಬ್ಬಿ ಚುಚ್ಚಿ ‘ರೆಡಿನೆಸ್’ ಎಂಬ ಪುಟ ತೆರೆಯಿರಿ. ಕ್ಯಾಟಲಿಸ್ಟ್, ಆಕ್ಸಿಜನ್ ಸೆನ್ಸಾರ್ ಪರೀಕ್ಷೆಗಳು ಇನ್‌ಕಂಪ್ಲೀಟ್ ಎಂದಿದ್ದರೆ ಕೋಡನ್ನು ಇತ್ತೀಚೆಗಷ್ಟೇ ಅಳಿಸಿರಬಹುದು. ಎಷ್ಟೋ ಕಾರುಗಳು ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನೂ ಹೇಳುತ್ತವೆ. ಅಲ್ಲಿ ಆರೋ ಏಳೋ ಎಂದು ಕಂಡರೆ ಜಗಳ ಬೇಡ. ‘ಎರಡು ದಿನ ಓಡಿಸಿ ತೋರಿಸಿ ಸಾರ್, ಕಾಯ್ತೀನಿ’ ಎನ್ನಿ. ಒಪ್ಪಿದರೆ ಕಾಯಿರಿ, ಬೆಲೆ ಇಳಿಸಲು ಹೊರಟರೆ, ಇಳಿಸಿದ ಮೊತ್ತ ಹೊಸ ಕ್ಯಾಟಲಿಟಿಕ್ ಕನ್ವರ್ಟರಿಗೆ ಸಾಲುತ್ತದೆಯೇ ಎಂದು ಅಲ್ಲೇ ನಿಂತು ಲೆಕ್ಕ ಹಾಕಿ.