‘ಫೀಸು’ ಶಬ್ದವಿಚಾರ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ, ನಮ್ಮ ಕುಡತಿನಿಯ ಸಮೀಪದಲ್ಲಿರುವ ಬೂದಿಗುಡ್ಡವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅದು ರಾಕ್ಷಸರನ್ನು ಸುಟ್ಟ ಬೂದಿಯೆಂದು ಹಿರಿಯರು ಹೇಳುತ್ತಿದ್ದರು. ಕಥೆ ರಮ್ಯವಾದುದೇ ಸರಿ. ಆದರೆ ವಿದ್ವಾಂಸರು ಅಗೆದು ಪರೀಕ್ಷಿಸಲಾಗಿ ಅದು ಸಗಣಿಯ ಬೂದಿಯೆಂದು ತಿಳಿಯಬಂದಿತು. ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿ ಸುಟ್ಟು ಇಂತಹ ದಿಬ್ಬಗಳಾದವೆಂಬುದನ್ನು ಆಲ್ಚಿನ್ ಎಂಬ ಪಂಡಿತರು 1963ರಲ್ಲಿ ಹೊರಬಂದ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದ್ದಾರೆ. ಶಬ್ದಗಳ ಗತಿಯೂ ಹೀಗೆಯೇ. ಮೇಲೆ ನೋಡಿದರೆ ಒಂದು ಕಥೆ. ಅಗೆದು ನೋಡಿದರೆ ಮತ್ತೊಂದು.

ಈ ಪೀಠಿಕೆಗೆ ಕಾರಣವುಂಟು. ಈಚೆಗೆ ಒಂದು ವಿದ್ಯಾಸಂಸ್ಥೆಯ ಕರಪತ್ರ ನನ್ನ ಕೈಸೇರಿತು. ಅದರಲ್ಲಿದ್ದ ಮಾತುಗಳ ಸಾರಾಂಶವಿಷ್ಟು: ‘ಫೀಸು’ ಎಂಬ ಇಂಗ್ಲೀಷು ಶಬ್ದವು ನಮ್ಮ ಸಂಸ್ಕೃತದ ‘ಪಶು’ ಶಬ್ದವೇ, ಪ್ರಾಚೀನರು ಗುರುವಿಗೆ ಗೋವನ್ನು ಕೊಡುತ್ತಿದ್ದರು, ಆದುದರಿಂದ ಫೀಸು ಎಂಬುದು ಗುರುದಕ್ಷಿಣೆಯೇ. ಈ ಮೂರರಲ್ಲಿ ಮೊದಲನೆಯದು ಅರ್ಧಸತ್ಯ, ಎರಡನೆಯದು ಸತ್ಯ, ಮೂರನೆಯದು ಅಸತ್ಯವೆಂಬುದೇ ನನ್ನ ಪ್ರತಿಜ್ಞೆ.

ಮೊದಲನೆಯ ಮಾತಿನ ದೋಷದಲ್ಲಿ ನನಗೂ ಪಾಲುಂಟೆಂದು ಒಪ್ಪಿಕೊಳ್ಳುವೆನು. ಅಧ್ಯಾಪಕನಾಗಿದ್ದಾಗ ನಾನೂ ತರಗತಿಯಲ್ಲಿ ‘ಪಶುವೇ ಫೀಸು’ ಎಂದು ಹೇಳಿ ಹುಡುಗರನ್ನು ನಗಿಸಿದ್ದೆನು. ಪಾಠಶಾಲೆಯಲ್ಲಿ ಕಲಿತವನಿಗೆ ಕಿವಿಗೆ ಹೊಂದಿದ ಶಬ್ದವನ್ನೆಲ್ಲ ಸಂಸ್ಕೃತಕ್ಕೆ ಕಟ್ಟಿಹಾಕುವ ಚಾಪಲ್ಯ ಬಹುಬೇಗ ಬರುತ್ತದೆ. ಆದರೆ ‘ಫೀಸು’ ಎಂಬಲ್ಲಿ ಕೊನೆಯ ಸಕಾರವು ಇಂಗ್ಲೀಷಿನ ಬಹುವಚನದ ಪ್ರತ್ಯಯ. ಅದರ ಮೇಲಿನ ಉಕಾರವು ಕನ್ನಡಿಗರ ನಾಲಗೆ ಸೇರಿಸಿದ್ದು. ಶಬ್ದದ ಪ್ರಕೃತಿ ‘ಫೀ’ ಎಂಬಷ್ಟೇ. ಆದಕಾರಣ ‘ಪಶು’ವಿನ ‘ಶು’ವಿಗೂ ‘ಫೀಸು’ವಿನ ‘ಸು’ವಿಗೂ ಏನೇನೂ ಸಂಬಂಧವಿಲ್ಲ. ನಾವು ನಕ್ಕದ್ದು ಈ ಹುಸಿ ಹೋಲಿಕೆಗೆ.

ಹಾಗಾದರೆ ಸಂಬಂಧವೇ ಇಲ್ಲವೋ ಎಂದರೆ, ಉಂಟು. ಅದು ಕಿವಿಗೆ ಕೇಳದ ಕಡೆಯಲ್ಲಿ ಉಂಟು. ಹಳೆಯ ಇಂಗ್ಲೀಷಿನಲ್ಲಿ ಈ ಶಬ್ದದ ರೂಪ ‘ಫೆಓಹ್’ ಎಂದಿದ್ದಿತು. ದನ, ಸೊತ್ತು, ಹಣ ಎಂಬ ಮೂರೂ ಅದರ ಅರ್ಥಗಳು. ಸಂಸ್ಕೃತದ ಪಕಾರವಿರುವ ಕಡೆ ಇಂಗ್ಲೀಷಿನಲ್ಲಿ ಫಕಾರ ಬರುವುದೆಂಬುದು ಒಂದು ನಿಯಮ: ಪಿತೃ—ಫಾದರ್, ಪಾದ—ಫುಟ್. ಸಂಸ್ಕೃತದ ಶಕಾರಕ್ಕೆ ಲ್ಯಾಟಿನಿನಲ್ಲಿ ಕಕಾರವೂ ಇಂಗ್ಲೀಷಿನಲ್ಲಿ ಹಕಾರವೂ ಬರುವುದು ಮತ್ತೊಂದು: ಶತ—ಕೆಂಟುಮ್—ಹಂಡ್ರೆಡ್, ಶೃಂಗ—ಕೊರ್ನು—ಹಾರ್ನ್. ಇದೇ ಕ್ರಮದಲ್ಲಿ ಪಶು—ಪೆಕು—ಫೆಓಹ್. ‘ಪಶು’ವಿನ ಶಕಾರಕ್ಕೆ ಸರಿಯಾದುದು ಹಳೆಯ ರೂಪದ ಹಕಾರ, ಅದು ಕಾಲಕ್ರಮದಲ್ಲಿ ಲೋಪವಾಗಿಹೋಯಿತು. ಜರ್ಮನ್ ಭಾಷೆಯಲ್ಲಿ ಇಂದಿಗೂ ‘ಫೀ’ ಎಂದರೆ ದನವೇ. ಲ್ಯಾಟಿನಿನವರು ‘ಪೆಕು’ವಿನಿಂದಲೇ ‘ಪೆಕೂನಿಯ’ ಎಂದು ಹಣಕ್ಕೆ ಹೆಸರು ಕಟ್ಟಿಕೊಂಡರು. ನಾರ್ಮನ್ನರ ಕಾಲದಲ್ಲಿ ಫ್ರೆಂಚಿನಿಂದ ಬಂದ, ಊಳಿಗಕ್ಕಾಗಿ ಕೊಟ್ಟ ಭೂಮಿಯೆಂಬ ಅರ್ಥದ ಇನ್ನೊಂದು ‘ಫೀ’ ಶಬ್ದವು ಇದರೊಡನೆ ಬೆರೆಯಿತು. ಈಗಿನ ಸಂಭಾವನೆಯ ಅರ್ಥವು ಹೆಚ್ಚಾಗಿ ಆ ದಾರಿಯಿಂದ ಬಂದುದು. ಆ ಶಬ್ದದ ಬೇರೂ ಪ್ರಾಚೀನ ಜರ್ಮಾನಿಕ್ ಭಾಷೆಯ ಪಶುವಾಚಕವೇ ಎಂದು ಬಹುಮಂದಿ ವಿದ್ವಾಂಸರ ಮತ.

ಆದರೂ ‘ಫೀ’ಯು ‘ಪಶು’ವಿನ ಮಗಳಲ್ಲ, ದೂರದ ತಂಗಿ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೊದಲಾದವು ಒಂದೇ ಮೂಲದಿಂದ ಹೊರಟಿರಬೇಕೆಂದು ವಿಲಿಯಂ ಜೋನ್ಸರು 1786ರಲ್ಲಿ ಸೂಚಿಸಿದರು. ವರ್ಣವ್ಯತ್ಯಾಸದ ನಿಯಮಗಳನ್ನು ಗ್ರಿಮ್ಮನು 1822ರಲ್ಲಿ ವಿವರಿಸಿದನು. ಪಾಠಶಾಲೆಯಲ್ಲಿ ನಾವು ಉಣಾದಿಪ್ರಕ್ರಿಯೆಯಂತೆ ‘ಪಶು’ವನ್ನು ದೃಶ್ ಧಾತುವಿನಿಂದ ಸಾಧಿಸಿ, ಭೇದವೆಣಿಸದೆ ಎಲ್ಲವನ್ನೂ ನೋಡುವುದೇ ಪಶುವೆಂದು ಅರ್ಥ ಹೇಳಿಕೊಳ್ಳುತ್ತಿದ್ದೆವು. ಆ ವ್ಯುತ್ಪತ್ತಿಗೆ ತನ್ನ ಶಾಸ್ತ್ರದೊಳಗೆ ಸ್ಥಾನವುಂಟು. ಚರಿತ್ರೆಯ ಕೆಲಸಕ್ಕೆ ಅದು ಸಾಲದು.

ಇಲ್ಲಿಯೇ ಕನ್ನಡದ ಮಾತೊಂದನ್ನು ಸೇರಿಸಬೇಕು. ‘ದನವೇ ಧನವಾಯಿತು’ ಎಂದು ಭಾಷಣಕಾರರು ಹೇಳುವುದುಂಟು. ವಸ್ತುಸ್ಥಿತಿ ತಲೆಕೆಳಗಾಗಿದೆ. ಆಕಳಿಗೆ ಕನ್ನಡದ ಸ್ವಂತ ಶಬ್ದಗಳು ‘ಆವು’, ‘ತುಱು’ ಎಂಬುವು. ಊರ ತುಱುಗಳನ್ನು ಶತ್ರುಗಳಿಂದ ಬಿಡಿಸಲು ಹೋಗಿ ಮಡಿದವರಿಗೆ ನೆಟ್ಟ ವೀರಗಲ್ಲುಗಳು ನಾಡಿನಲ್ಲೆಲ್ಲ ಇವೆ. ‘ದನ’ವಾದರೋ ಸಂಸ್ಕೃತದ ‘ಧನ’ ಶಬ್ದದ ತದ್ಭವ. ಮಹಾಪ್ರಾಣವು ಅಲ್ಪಪ್ರಾಣವಾಗುವುದು ಕನ್ನಡ ವ್ಯಾಕರಣದ ಪರಿಚಿತ ವಿಧಿ. ಸಂಪತ್ತೆಂಬ ಮಾತು ಇಲ್ಲಿಯ ಒಕ್ಕಲಿಗನ ಮನೆಗೆ ಬಂದು, ಅವನ ಸಂಪತ್ತು ಯಾವುದೋ ಅದರ ಹೆಸರಾಗಿ ನಿಂತಿತು. ಇಂಗ್ಲೀಷಿನ ‘ಕ್ಯಾಟಲ್’ ಶಬ್ದದ ಕಥೆಯೂ ಇದೇ. ಅದೂ ಬಂಡವಾಳದ ಹೆಸರಾದ ‘ಕ್ಯಾಪಿಟಲ್’ ಶಬ್ದವೂ ಒಂದೇ ಲ್ಯಾಟಿನ್ ಮೂಲದವು. ಹೀಗೆ ‘ಫೀ’ಯು ಕೊಟ್ಟಿಗೆಯಿಂದ ಪೆಟ್ಟಿಗೆಗೆ ಹೋಯಿತು, ‘ದನ’ವು ಪೆಟ್ಟಿಗೆಯಿಂದ ಕೊಟ್ಟಿಗೆಗೆ ಬಂದಿತು.

ಇನ್ನು ಎರಡನೆಯ ಹಾಗೂ ಮೂರನೆಯ ಮಾತುಗಳು. ಗುರುವಿಗೆ ಗೋವನ್ನು ಕೊಡುತ್ತಿದ್ದುದು ನಿಜ. ಮನುಸ್ಮೃತಿಯು ಭೂಮಿ, ಚಿನ್ನ, ಗೋವು, ಕುದುರೆಗಳಿಂದ ಮೊದಲುಮಾಡಿ ಕೊಡೆ, ಪಾದರಕ್ಷೆ, ಧಾನ್ಯ, ಕಾಯಿಪಲ್ಯಗಳವರೆಗೆ ಹೇಳಿ, ಶಿಷ್ಯನ ಶಕ್ತಿಗೆ ತಕ್ಕುದಾವುದಾದರೂ ಆದೀತೆಂದಿದೆ. ಆದರೆ ವಿದ್ಯೆ ಮುಗಿಯುವುದಕ್ಕೆ ಮುಂಚೆ ಏನನ್ನೂ ಕೊಡತಕ್ಕದ್ದಲ್ಲವೆಂದೂ ಅಲ್ಲಿಯೇ ಹೇಳಿದೆ. ಸಂಬಳ ಗೊತ್ತುಮಾಡಿಕೊಂಡು ಪಾಠ ಹೇಳುವವನನ್ನು ಅದೇ ಸ್ಮೃತಿಯು ಶ್ರಾದ್ಧದ ಪಂಕ್ತಿಯಿಂದ ಹೊರಗಿಟ್ಟಿದೆ. ರಘುವಂಶದ ಐದನೆಯ ಸರ್ಗದಲ್ಲಿ ವರತಂತುವು ಕೌತ್ಸನ ಸೇವೆಯೇ ದಕ್ಷಿಣೆಯೆಂದು ತೃಪ್ತನಾಗಿದ್ದನು. ಶಿಷ್ಯನು ಹಟಹಿಡಿದ ಮೇಲೆ ಸಿಟ್ಟಿಗೆದ್ದು ಹದಿನಾಲ್ಕು ವಿದ್ಯೆಗೆ ಹದಿನಾಲ್ಕು ಕೋಟಿ ಕೇಳಿದನು. ಮಾಳವಿಕಾಗ್ನಿಮಿತ್ರದಲ್ಲಿ ಅದೇ ಕಾಳಿದಾಸನು ವಿದ್ಯೆಯನ್ನು ಜೀವಿಕೆಗೆ ಮಾತ್ರ ಬಳಸುವವನನ್ನು ವ್ಯಾಪಾರಿಯೆಂದು ಕರೆಯಿಸಿದ್ದಾನೆ. ದಕ್ಷಿಣೆಯು ಕೊನೆಯಲ್ಲಿ, ಶಕ್ತ್ಯನುಸಾರವಾಗಿ, ಕೊಡುವವನ ಇಚ್ಛೆಯಿಂದ ಬರುವುದು. ಫೀಸು ಮೊದಲೇ, ಗೊತ್ತಾದ ಮೊತ್ತದಲ್ಲಿ, ತೆಗೆದುಕೊಳ್ಳುವವನ ಆಜ್ಞೆಯಿಂದ ಬರುವುದು. ಇವೆರಡನ್ನೂ ಒಂದೆನ್ನುವುದು ಹೇಗೆ?

ಸರ್ಕಾರದ ಕಾಗದಗಳಲ್ಲಿ ಬಳಸುವ ‘ಶುಲ್ಕ’ವು ಇದಕ್ಕಿಂತ ಪ್ರಾಮಾಣಿಕವಾದ ಶಬ್ದ. ಸಂಸ್ಕೃತದಲ್ಲಿ ಅದು ಸರಕಿನ ಮೇಲಿನ ತೆರಿಗೆ. ನಮ್ಮ ‘ಸುಂಕ’ವು ಅದರ ತದ್ಭವ. ‘ಬೋಧನಾಶುಲ್ಕ’ವೆಂದರೆ ವಿದ್ಯೆಯ ಕಟ್ಟೆಯಲ್ಲಿ ತೆರುವ ಸುಂಕವೆಂದಾಯಿತು. ಕೇಳುವುದಕ್ಕೆ ಕಠಿಣವಾದರೂ ಸುಳ್ಳಲ್ಲ.

ಕೂಡದೆಂದು ನಾನು ಹೇಳುತ್ತಿಲ್ಲ. ಉಪಾಧ್ಯಾಯನಿಗೂ ಹೊಟ್ಟೆಯುಂಟು, ನಾನೂ ಸಂಬಳ ತಿಂದವನೇ. ನಮ್ಮ ಜಿಲ್ಲೆಯ ಹಳೆಯ ದಾಖಲೆಯನ್ನೇ ನೋಡಿರಿ. ಬಳ್ಳಾರಿಯ ಕಲೆಕ್ಟರರಾಗಿದ್ದ ಕ್ಯಾಂಬೆಲರು, ತೆಲುಗು ವ್ಯಾಕರಣ ಬರೆದ ವಿದ್ವಾಂಸರು, 1823ರಲ್ಲಿ ಮದರಾಸಿಗೆ ಕಳುಹಿಸಿದ ವರದಿಯಲ್ಲಿ ಆಗಿನ ವಿಶಾಲ ಜಿಲ್ಲೆಯ 533 ಪಾಠಶಾಲೆಗಳ ಲೆಕ್ಕ ಕೊಟ್ಟಿದ್ದಾರೆ. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಓದುತ್ತಿದ್ದವರು 6,641 ಮಂದಿ. ಇವುಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲವೆಂದು ನಾಚಿಕೆಯಿಂದ ಬರೆದು, ಶಾಲೆಗಳು ಕ್ಷೀಣಿಸುತ್ತಿರುವುದಕ್ಕೆ ದೇಶಕ್ಕೆ ಕ್ರಮಕ್ರಮವಾಗಿ ಬಂದ ಬಡತನವೇ ಕಾರಣವೆಂದು ಅವರು ಹೇಳಿದರು. ತಂದೆತಾಯಿಗಳು ಕೊಡಲಾರದೆ ಹೋದಲ್ಲಿ ಶಾಲೆಯ ಬಾಗಿಲು ಮುಚ್ಚಿತು. ದಕ್ಷಿಣೆಯೆಂದು ಹೆಸರಿಟ್ಟಿದ್ದರೂ ಮುಚ್ಚುತ್ತಿದ್ದಿತು.

ಕಡೆಗೆ ಒಂದು ಪ್ರಸಂಗ. ತರಗತಿಯಲ್ಲಿ ಹುಡುಗರನ್ನು ನಗಿಸಿದೆನೆಂದು ಹೇಳಿದೆನಷ್ಟೆ? ಆ ವಾರದಲ್ಲಿಯೇ ಒಬ್ಬ ರೈತನು ಮಗಳ ಫೀಸು ಕಟ್ಟುವುದಕ್ಕೆ ಬಂದನು. ಟವೆಲಿನ ಗಂಟು ಬಿಚ್ಚಿ ನೋಟುಗಳನ್ನು ಮೇಜಿನ ಮೇಲಿಟ್ಟು, “ಎತ್ತು ಮಾರಿ ಬಂದೀನಿ ಮೇಷ್ಟ್ರೇ, ರಸೀದಿ ಬರ್ಕೊಡ್ರಿ” ಎಂದನು. ಜೋಡಿಯಲ್ಲಿ ಒಂದು ಎತ್ತು ಹೋಗಿತ್ತು. ಒಂಟಿ ಎತ್ತಿನಿಂದ ಉಳುವುದಾಗದೆಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ನಾನು ರಸೀದಿ ಬರೆದುಕೊಟ್ಟೆನು. ಸಾವಿರಾರು ವರ್ಷಗಳ ಹಿಂದೆ ದನವಾಗಿದ್ದ ಶಬ್ದವು ಆ ದಿನ ನನ್ನ ಮೇಜಿನ ಮೇಲೆ ಮತ್ತೆ ದನವಾಗಿತ್ತು. ಆಮೇಲೆ ಆ ವ್ಯುತ್ಪತ್ತಿಯನ್ನು ಹೇಳಿ ನಾನು ಯಾರನ್ನೂ ನಗಿಸಲಿಲ್ಲ.

ಆದುದರಿಂದ ಕರಪತ್ರದ ಪಂಡಿತರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಫೀಸನ್ನು ತೆಗೆದುಕೊಳ್ಳಿರಿ, ಅದನ್ನು ಫೀಸೆಂದೇ ಕರೆಯಿರಿ, ಶುಲ್ಕವೆಂದರೂ ಆಗಬಹುದು. ಅದು ‘ಪಶು’ವಿನ ಬಂಧುವೆಂದು ತಿಳಿದ ಮೇಲೆ, ಯಾರ ಕೊಟ್ಟಿಗೆಯಿಂದ ಬಂದಿತೆಂದು ಒಮ್ಮೆ ವಿಚಾರಿಸಿರಿ. ದಕ್ಷಿಣೆಯೆಂಬ ಮಾತನ್ನು ಮಾತ್ರ, ವಿದ್ಯೆ ಮುಗಿಸಿ ಹೊರಟ ಶಿಷ್ಯನು ತಾನಾಗಿ ಹಿಂತಿರುಗಿ ಬರುವ ದಿನಕ್ಕೆ ಉಳಿಸಿರಿ.